ತಡೆಗಂಟು

ಕುಣಿಕೆಗೆ ಬಿದ್ದಿರುವುದು ನರಿಯೇ ಎಂದು ಕಾಟಮ್ಮನಿಗೆ ಮೊದಲು ಹೇಳಿದ್ದು ಅದರ ವಾಸನೆ. ಇನ್ನೂ ಬೆಳಕು ಹರಿದಿರಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತಿದ್ದವು. ಚಿಕ್ಕಜಾಜೂರಿನ ಕಡೆ ಗೂಡ್ಸ್ ಗಾಡಿಯೊಂದು ಸಿಗ್ನಲ್ ಸಿಗದೆ ನಿಂತು ಕೂಗುತ್ತಿತ್ತು. ಜಾಲಿ ಬೇಲಿಯ ಕಂಡಿಯ ಹತ್ತಿರ ಏನೋ ಒದ್ದಾಡುತ್ತಿದ್ದದ್ದು ಅವಳ ಹೆಜ್ಜೆ ಸಪ್ಪಳ ಕೇಳಿ ಸುಮ್ಮನಾಯಿತು. ಕಾಟಮ್ಮ ಹೆಗಲ ಮೇಲಿದ್ದ ಬಲೆಯನ್ನು ಎರಡೂ ಕೈಗೆ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷದಿಂದ ಆ ಬಲೆಯನ್ನು ಹೆಣೆದು, ಹರಿದಲ್ಲಿ ಗಂಟು ಹಾಕಿ ಕಾಪಾಡಿದವಳು, ಒಂದು ಸಲವೂ ಬೀಸಿದವಳಲ್ಲ.

"ಬಂದ್ಯೇನಪ್ಪ," ಎಂದಳು ಮೆಲ್ಲಗೆ.

ಬೇರೆ ಊರಿನವರು ಎಳ್ಳುಬೆಲ್ಲ ಹಂಚಿ ಮುಗಿಸುವ ಸಂಕ್ರಾಂತಿಯನ್ನು ಕೋಡಿಹಟ್ಟಿಯವರು ನರಿಯ ಮುಖ ನೋಡದೆ ಮುಗಿಸುವುದಿಲ್ಲ. ಹಬ್ಬದ ಬೆಳಿಗ್ಗೆ ಬಲೆಯಲ್ಲಿ ಒಂದು ನರಿಯನ್ನು ಜೀವಂತ ಹಿಡಿದು ಅರಳಿಕಟ್ಟೆಗೆ ತರಬೇಕು. ಆರತಿ ಎತ್ತಿ ಊರೆಲ್ಲ ಅದರ ಮುಖ ನೋಡಬೇಕು. ಹೊತ್ತು ನೆತ್ತಿಗೆ ಬರುವುದರೊಳಗೆ ಹಿಡಿದಲ್ಲಿಯೇ ಬಿಟ್ಟು ಬರಬೇಕು. ಅದರ ಮೈಯಿಂದ ಒಂದು ಹನಿ ರಕ್ತವೂ ನೆಲಕ್ಕೆ ಬೀಳಬಾರದು. ಇದು ಕಾನೂನಿಗೆ ವಿರುದ್ಧ ಎಂದು ಅರಣ್ಯ ಇಲಾಖೆಯವರು ಊರಬಾಗಿಲಲ್ಲಿ ಬೋರ್ಡು ನಿಲ್ಲಿಸಿ ಮೂರು ವರ್ಷವಾಗಿತ್ತು. ಊರಿನವರು ಆ ಬೋರ್ಡಿಗೂ ಕುಂಕುಮ ಹಚ್ಚಿ ತಮ್ಮ ಪಾಡಿಗೆ ತಾವಿದ್ದರು.

ಬಲೆ ಇರುವ ಮನೆಗೆ ಬಲೆಮನೆ ಎನ್ನುತ್ತಾರೆ. ಒಂದು ವರ್ಷ ನರಿ ಸಿಗದಿದ್ದರೆ ಬಲೆ ಬೇರೆ ಮನೆಗೆ ಹೋಗುತ್ತದೆ, ಅದರ ಜೊತೆ ಹೆಸರೂ ಹೋಗುತ್ತದೆ. ಕಾಟಮ್ಮನ ಗಂಡ ಎತ್ತಪ್ಪ ಇಪ್ಪತ್ತೆರಡು ನರಿ ಹಿಡಿದವನು, ಹೋದ ಆಷಾಢದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟ. ಮಕ್ಕಳಿಲ್ಲ. ಬಲೆಮನೆಯ ಕಾಟಮ್ಮ ಅನ್ನಿಸಿಕೊಳ್ಳುವುದೊಂದೇ ಅವಳಿಗೆ ಉಳಿದಿತ್ತು. ನರಿಯನ್ನು ಬಲೆಯತ್ತ ಅಟ್ಟುವುದಕ್ಕೆ ಏಳೆಂಟು ಗಂಡಸರು ಬೇಕು. ಆ ಹುಡುಗರೆಲ್ಲ ಮೈದುನ ಎರ್ರಿಸ್ವಾಮಿಯ ಮಾತು ಕೇಳುವವರು. ಈ ವರ್ಷ ಅವರು ಒಬ್ಬೊಬ್ಬರಾಗಿ ಬಂದು ಕೇಸಾಗುತ್ತದೆ, ಕೆಲಸವಿದೆ, ಕಾಲುನೋವು ಎಂದು ಹೇಳಿ ಹೋದರು. ಕಾಲುನೋವಿನವನು ಸಂಜೆ ವಾಲಿಬಾಲ್ ಆಡುತ್ತಿದ್ದದ್ದನ್ನು ಕಾಟಮ್ಮ ಕಣ್ಣಾರೆ ಕಂಡಳು.

ಆಗ ಅವಳಿಗೆ ಬೇಲಿಯ ಕಂಡಿಗೆ ತಂತಿಯ ಕುಣಿಕೆ ಒಡ್ಡುವುದು ಹೊಳೆಯಿತು. ಚಿಕ್ಕಜಾಜೂರಿನ ಗ್ಯಾರೇಜಿನಲ್ಲಿ ಮುಝಫರನನ್ನು ಕೇಳಿ ಬೈಕಿನ ಹಳೆಯ ಕ್ಲಚ್ ಕೇಬಲ್ ತಂದಳು. "ಬಟ್ಟೆ ಒಣಾಕಾಕೆ," ಎಂದಿದ್ದಳು. "ಗ್ರೀಸ್ ಐತೆ ಕಣಮ್ಮ, ಸೀರೆಗೆ ಹತ್ತಿದ್ರೆ ಹೋಗಲ್ಲ," ಎಂದು ಅವನು ಹೇಳಿಯೂ ಇದ್ದ. ಮನೆಗೆ ಬಂದು ಬೂದಿ ಹಾಕಿ ಒರೆಸಿ, ನಾಯಿಯ ಮುಂಗಾಲಿಗೆ ಸುತ್ತಿ ಅಳತೆ ನೋಡಿ, ಒಂದು ಬೆರಳು ಸಡಿಲ ಬಿಟ್ಟು ತಡೆಗಂಟು ಹಾಕಿದಳು. ಎಷ್ಟು ಎಳೆದರೂ ಕುಣಿಕೆ ಅದರಾಚೆ ಬಿಗಿಯುವುದಿಲ್ಲ. ಬಲೆಯ ಬಾಯಿಗೆ ಅವಳು ಹಾಕುತ್ತಿದ್ದದ್ದು ಅದೇ ಗಂಟು, ಒಂದು ವರ್ಷವೂ ಜಾರಿರಲಿಲ್ಲ. ಕಾಲು ಸಿಕ್ಕಿಕೊಂಡ ನರಿಯ ಮೇಲೆ ಬಲೆ ಬೀಸಿ, ತಂತಿ ಬಿಚ್ಚಿ ಬಿಸಾಡಿದರೆ ಬಲೆಯಲ್ಲೇ ಹಿಡಿದಂತಾಯಿತು, ಯಾರು ಬಂದು ನೋಡುತ್ತಾರೆ ಎಂದುಕೊಂಡಿದ್ದಳು.

ಬೀಸಿದ ಬಲೆ ಅರ್ಧ ಜಾಲಿ ಮುಳ್ಳಿಗೆ ಸಿಕ್ಕಿತು, ಅರ್ಧ ನರಿಯ ಮೇಲೆ ಬಿತ್ತು. ಅದು ನೆಗೆದು ತಂತಿಯುದ್ದಕ್ಕೂ ಹೋಗಿ ಜಗ್ಗಿ ಬಿತ್ತು, ಮತ್ತೆ ನೆಗೆಯಿತು. ಸಿಕ್ಕಿದ ಕಡೆ ಬಲೆಯನ್ನು ಕಚ್ಚಿತು. ಕಾಟಮ್ಮ ಹೊದ್ದಿದ್ದ ಕಂಬಳಿಯನ್ನು ಅದರ ತಲೆಯ ಮೇಲೆ ಹಾಕಿ ಮಂಡಿಯೂರಿ ಕೂತಳು. ಕಣ್ಣಿಗೆ ಕತ್ತಲು ಕವಿದ ಮೇಲೆ ಅದು ನಡುಗುತ್ತ ಮಲಗಿತು. ಅವಳು ಮುಂಗಾಲನ್ನು ತಡಕಿದಳು. ಬೆರಳಿಗೆ ಬೆಚ್ಚಗೆ, ಅಂಟಂಟಾಗಿ ಏನೋ ತಗುಲಿತು.

ಮೂಡಲ ಬಿಳುಪಾಗುತ್ತಿತ್ತು. ಬಗ್ಗಿ ನೋಡಿದಳು. ಕುಣಿಕೆ ಚರ್ಮ ಸೀಳಿ ಒಳಗಿಳಿದು ಎಲುಬನ್ನು ಕಚ್ಚಿ ಕೂತಿತ್ತು. ಅವಳ ತಡೆಗಂಟು ಜಾರಿ ಜಾರಿ ಬಂದು ಗಾಯದ ಬಾಯಲ್ಲಿ ನಿಂತಿತ್ತು. ಬೂದಿ ಮೇಲಿನ ಗ್ರೀಸನ್ನು ಒರೆಸಿತ್ತು, ಎಳೆಗಳ ನಡುವಿನದನ್ನಲ್ಲ. ನೂಲು ನೂಲನ್ನು ಹಿಡಿದುಕೊಳ್ಳುತ್ತದೆ, ಉಕ್ಕು ಹಾಗೆ ಹಿಡಿಯುವುದಿಲ್ಲ ಎಂಬುದು ಜನ್ಮವೆಲ್ಲ ನೂಲು ಕಟ್ಟಿದವಳ ತಲೆಗೆ ಹೋಗಿಯೇ ಇರಲಿಲ್ಲ. ಕಾಟಮ್ಮನಿಗೆ ತನ್ನ ಕೈಗಳ ಮೇಲೇ ಅಸಹ್ಯವಾಯಿತು.

ಗಂಟು ಬಿಚ್ಚಲು ನೋಡಿದಳು, ಉಗುರು ಮುರಿಯಿತು. ಕುಡುಗೋಲಿನಿಂದ ಕುಯ್ದಳು, ಕುಡುಗೋಲಿನ ಬಾಯಿ ಹೋಯಿತು. ತಂತಿ ಅಲುಗಿದಾಗಲೆಲ್ಲ ನರಿ ಕಂಬಳಿಯೊಳಗೆ ಸಣ್ಣಗೆ ಮುಲುಗುತ್ತಿತ್ತು. ಅಷ್ಟರಲ್ಲಿ ಊರ ಕಡೆ ತಮಟೆ ಶುರುವಾಯಿತು. ಅರಳಿಕಟ್ಟೆಯಲ್ಲಿ ಜನ ಸೇರುತ್ತಿದ್ದಾರೆ ಎಂದು ಅರ್ಥ.

"ಅತ್ಗೆ."

ಬದುವಿನ ಮೇಲೆ ಎರ್ರಿಸ್ವಾಮಿ ನಿಂತಿದ್ದ. ತಲೆಗೆ ಮಫ್ಲರ್ ಸುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ. ಇಳಿದು ಬಂದು ಬಗ್ಗಿ ನೋಡಿ, "ತಂತಿನಾ?" ಎಂದ.

ಕಾಟಮ್ಮ ಕುಡುಗೋಲನ್ನು ಪಕ್ಕಕ್ಕಿಟ್ಟಳು.

"ಅಣ್ಣ ಇದ್ದಿದ್ರೆ ನಿನ್ನ ಕೈ ಮುರೀತಿದ್ದ."

"ನಿಮ್ಮಣ್ಣ ಇದ್ದಿದ್ರೆ ನೀನು ಹುಡುಗ್ರನ್ನ ತಡೀತಿರ್ಲಿಲ್ಲ."

ಅವನು ಮಫ್ಲರ್ ಸರಿಮಾಡಿಕೊಂಡ.

ಎರ್ರಿಸ್ವಾಮಿ ಊರಿನ ಬೋರ್‌ವೆಲ್ ಸ್ಟಾರ್ಟರುಗಳನ್ನು ರಿಪೇರಿ ಮಾಡುವವನು. ಅವನ ಸೊಂಟದಲ್ಲಿ ಯಾವಾಗಲೂ ಒಂದು ಇಕ್ಕಳ ಇರುತ್ತಿತ್ತು. ಕಾಟಮ್ಮನ ಕಣ್ಣು ಅದರ ಮೇಲೆ ಬಿತ್ತು. "ಇಕ್ಕಳ ತಾ ಇಲ್ಲಿ. ಎಲುಬಿಗಿಳಿದೈತೆ."

"ತಡಿ, ತಡಿ." ಅವನು ಇಕ್ಕಳ ತೆಗೆದ, ಕೊಡಲಿಲ್ಲ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. "ಬೇಲಿ ಬುಡದ ಕಡೆ ಕತ್ರಿಸ್ತೀನಿ. ಕುಣಿಕೆ ಕಾಲಾಗೇ ಇರ್ಲಿ, ಬಿಚ್ಚಿದ್ರೆ ರಕ್ತ ಸುರೀತೈತೆ. ಮೇಲೆ ಅರಿಶಿಣದ ಬಟ್ಟೆ ಸುತ್ತಾಣ, ಹಾರ ಹಾಕಾಣ. ಬಲೆ ಒಳಗೆ ಯಾರಿಗೆ ಕಾಣ್ತೈತೆ? ಇಬ್ರೂ ಸೇರ್ಕಂಡು ಹಿಡಿದ್ವಿ ಅಂತೀನಿ. ಬಲೆ ನಿನ್ನ ಮನ್ಯಾಗೇ ಇರ್ಲಿ, ನಂಗೆ ಬ್ಯಾಡ."

ಕಾಟಮ್ಮ ಅವನ ಮುಖ ನೋಡಿದಳು. ಬಲೆಗಾಗಿ ಆರು ತಿಂಗಳಿನಿಂದ ಹೊಂಚು ಹಾಕಿದವನು. "ನಿಂಗೇನು ಬರ್ತೈತೆ ಇದ್ರಾಗೆ?"

"ಹೇಮಾ ನರಿ ಮುಖ ನೋಡ್ಲೇಬೇಕು ಅಂತಾಳೆ," ಎಂದ ಅವನು, ನೆಲ ನೋಡುತ್ತ. "ಎಲ್ಡು ಸಲ ಹೊಟ್ಟೇಲೇ ಹೋತು. ಈಗ ಎಂಟು ತಿಂಗ್ಳು. ರಾತ್ರಿ ನಿದ್ದೇನೇ ಮಾಡಲ್ಲ ಅವ್ಳು."

ಸುಳ್ಳು ಯಾಕೆ ಹೇಳಬೇಕು, ಕಾಟಮ್ಮನಿಗೆ ಆಸೆಯಾಯಿತು. ಪಡಸಾಲೆಯ ಗೂಟದಲ್ಲಿ ಬಲೆ ತೂಗುವುದು ಕಣ್ಣಿಗೆ ಕಂಡಿತು. ಮೈದುನನ ಹೆಂಡತಿ ಹೇಮಾವತಿಯ ಮೇಲೆ ಅವಳಿಗೆ ಜೀವ, ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಕ್ಕ ಅಕ್ಕ ಎಂದು ಹಿಂದೆ ತಿರುಗಿದವಳು. ಎಷ್ಟು ಹೊತ್ತಿನ ಮಾತು? ಹೊತ್ತು ನೆತ್ತಿಗೆ ಬರಲು ಐದು ತಾಸು. ಐದು ತಾಸು ತಮಟೆ, ಜನ, ಪಟಾಕಿ.

"ಬೇಗ ಹೇಳು, ಹುಡುಗ್ರು ಈ ಕಡೆ ಬಂದ್ರೆ ಕೆಟ್ಟೋತು," ಎಂದ ಎರ್ರಿಸ್ವಾಮಿ.

ಕಂಬಳಿಯ ಅಂಚು ಸರಿದು ನರಿಯ ಮೂತಿ ಹೊರಗೆ ಬಂದಿತ್ತು. ಅದು ಇಬ್ಬರನ್ನೂ ಮರೆತಂತೆ ಕಾಲಿನತ್ತ ಕತ್ತು ಹೊರಳಿಸಿ ತಂತಿಯನ್ನು ನೆಕ್ಕುತ್ತಿತ್ತು. ಹರಿದ ಬಲೆಯ ಎಳೆಯೊಂದು ಹಲ್ಲಿಗೆ ಸಿಕ್ಕಿಕೊಂಡಿತ್ತು. ನೆಕ್ಕುವುದನ್ನು ನಿಲ್ಲಿಸಿ ಒಮ್ಮೆ ಕಾಟಮ್ಮನನ್ನು ನೋಡಿತು, ಮತ್ತೆ ನೆಕ್ಕತೊಡಗಿತು. ಇಪ್ಪತ್ತೆರಡು ವರ್ಷ ಆರತಿಯ ತಟ್ಟೆಯ ಹಿಂದೆ ನಿಂತು ನರಿಯ ಮುಖ ನೋಡಿದವಳು ಕಾಟಮ್ಮ. ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

ಅವಳು ಜಾಲಿ ಮುಳ್ಳಿನಿಂದ ಬಲೆಯನ್ನು ಬಿಡಿಸಿದಳು. ನರಿಯ ಮೇಲಿನಿಂದ ಎಳೆದು, ಮಡಚಿ, ಎರ್ರಿಸ್ವಾಮಿಯ ತೊಡೆಯ ಮೇಲಿಟ್ಟಳು.

"ಬಲೆ ತಗಾ. ಇಕ್ಕಳ ಕೊಡು."

"ಅತ್ಗೆ, ಯೋಚ್ನೆ ಮಾಡು."

"ಮಾಡೀನಿ. ಕೊಡು."

ಅವನು ಬಲೆಯನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಇಕ್ಕಳ ಅವಳ ಕೈಗಿಟ್ಟು, ಕಂಬಳಿಯನ್ನು ನರಿಯ ತಲೆಗೆ ಬಿಗಿಯಾಗಿ ಸುತ್ತಿ ಮೊಣಕಾಲಿನಿಂದ ಒತ್ತಿ ಹಿಡಿದ. ಹಿಡಿಯುವ ಕೈ ಅಣ್ಣನದೇ, ಗಟ್ಟಿ. ಕಾಟಮ್ಮ ಗಂಟಿನ ಹಿಂದೆ ಇಕ್ಕಳದ ಬಾಯಿ ಇಟ್ಟು ಅದುಮಿದಳು. ತಂತಿಯ ಎಳೆಗಳು ಒಂದೊಂದಾಗಿ ಟಿಕ್ ಟಿಕ್ ಎಂದು ಹರಿದವು. ಕೊನೆಯ ಎಳೆಗೆ ಎರಡೂ ಕೈ ಹಾಕಬೇಕಾಯಿತು. ಕುಣಿಕೆಯನ್ನು ಗಾಯದಿಂದ ಬಿಡಿಸಿ ಎಳೆಯುವಾಗ ನರಿಗಿಂತ ಮೊದಲು ಅವಳೇ ಕೂಗಿದಳು.

ಕಂಬಳಿ ತೆಗೆದ ಮೇಲೂ ನರಿ ಹಾಗೇ ಬಿದ್ದಿತ್ತು. ಸತ್ತೇ ಹೋಯಿತು ಎಂದುಕೊಂಡಳು ಕಾಟಮ್ಮ. ಆಮೇಲೆ ಅದು ಎದ್ದು, ಮೂರು ಕಾಲಲ್ಲಿ ಓಲಾಡಿ, ತೊಗರಿ ಸಾಲಿನೊಳಗೆ ನುಗ್ಗಿತು. ಗಿಡದ ತುದಿಗಳು ಬದುವಿನವರೆಗೂ ಅಲ್ಲಾಡಿ ನಿಂತವು.

"ಬದುಕಿದ್ರೆ ಮುಂದಿನ ವರ್ಷ ಹಿಡಿಯಾಕೆ ಸಲೀಸು ಬಿಡು, ಕುಂಟು," ಎಂದ ಎರ್ರಿಸ್ವಾಮಿ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಏನಾದರೂ ಹೇಳಬೇಕಲ್ಲ ಎಂದು ಹೇಳಿದ್ದು. ಕಾಟಮ್ಮ ತಂತಿಯ ತುಂಡುಗಳನ್ನು ಆರಿಸಿ ಸೀರೆಯ ಸೆರಗಿಗೆ ಕಟ್ಟಿಕೊಂಡಳು.

ಅರಳಿಕಟ್ಟೆಯಲ್ಲಿ ತಮಟೆ ತಾನಾಗಿಯೇ ನಿಂತಿತು. ಊರಿನ ಹಿರಿಯ ಚಿತ್ರಲಿಂಗಪ್ಪ ಖಾಲಿ ಬಲೆಯನ್ನು ನೋಡಿ, ಎರ್ರಿಸ್ವಾಮಿಯನ್ನು ನೋಡಿ, "ಸಿಗ್ಲಿಲ್ವೇನಮ್ಮ?" ಎಂದ.

"ಇಲ್ರಿ," ಎಂದಳು ಕಾಟಮ್ಮ. "ಬಲೆ ಮೈದ್ನನ ಮನೆಗೆ ಹೋಗ್ಲಿ."

ಎರ್ರಿಸ್ವಾಮಿ ತಂತಿಯ ಮಾತೆತ್ತಲಿಲ್ಲ. ಚಿತ್ರಲಿಂಗಪ್ಪ ಬಲೆಗೆ ಕೈ ಚಾಚಿದಾಗ ಕಾಟಮ್ಮ ಬಲೆಯನ್ನು ಮೈದುನನ ಹೆಗಲಿನಿಂದ ತೆಗೆದುಕೊಂಡು ಕಟ್ಟೆಯ ಮೇಲೆ ಕೂತಳು. "ಎಲ್ಡು ಕಣ್ಣು ಹರಿದಾವೆ. ಹರಿದ ಬಲೆ ಮನೆ ದಾಟಬಾರ್ದು. ಕುಂತ್ಕಳ್ರಿ, ಕಟ್ಕೊಡ್ತೀನಿ."

ಮುರಿದ ಉಗುರಿನ ಬೆರಳಿನಲ್ಲಿ ಅವಳು ನೂಲು ಕಟ್ಟುತ್ತ ಕೂತಳು. ಊರೆಲ್ಲ ಕಾದಿತ್ತು. ಆರತಿಯ ದೀಪಕ್ಕೆ ಯಾರೋ ಎರಡು ಸಲ ಎಣ್ಣೆ ಹಾಕಿದರು. ಹೇಮಾವತಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಬಂದು ಅವಳ ಪಕ್ಕ ಕೂತಳು. ಕಾಟಮ್ಮನ ಸೆರಗಿನ ಮೇಲಿನ ಕಪ್ಪು ಜಿಡ್ಡನ್ನೂ ಕೆಂಪು ಕಲೆಯನ್ನೂ ನೋಡಿದಳು.

"ನೀನು ನೋಡ್ದ್ಯಾ ಅಕ್ಕ, ಅದ್ರ ಮುಖ?" ಎಂದಳು ಯಾರಿಗೂ ಕೇಳದಂತೆ.

"ನೋಡ್ದೆ ಕಣವ್ವ."

ಹೇಮಾವತಿ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಬಹಳ ಹೊತ್ತು ನೋಡಿದಳು. "ನೋಡ್ದೋರ ಮುಖ ನೋಡಿದ್ರೂ ಆತು," ಎಂದಳು. ಕಾಟಮ್ಮನಿಗೆ ಅಳು ಬಂತು. ಗಂಟು ಹಾಕುತ್ತಲೇ ಅತ್ತಳು, ಬಲೆ ಹೋಯಿತಲ್ಲ ಎಂದು ಅಳುತ್ತಾಳೆ ಅಂದುಕೊಂಡರು ಜನ. ಅದೂ ನಿಜವೇ ಆಗಿತ್ತು.

ಫಾಲ್ಗುಣದಲ್ಲಿ ಹೇಮಾವತಿಗೆ ಹೆಣ್ಣುಮಗು ಹುಟ್ಟಿತು. ಮತ್ತೆ ಚಳಿ ಬಂತು. ಎರ್ರಿಸ್ವಾಮಿಯ ಮನೆಯನ್ನು ಬಲೆಮನೆ ಎನ್ನುವುದು ಜನರಿಗೆ ಆಗಲೇ ರೂಢಿಯಾಗಿತ್ತು. ಸಂಕ್ರಾಂತಿಗೆ ವಾರವಿರುವಾಗ ಒಂದು ಬೆಳಿಗ್ಗೆ ಕಾಟಮ್ಮ ತೊಗರಿ ಕಡ್ಡಿಯ ಹೊರೆ ಹೊತ್ತುಕೊಂಡು ಬದುವಿನ ದಾರಿಯಲ್ಲಿ ಬರುತ್ತಿದ್ದಳು. ಜಾಲಿ ಬೇಲಿಯ ಹತ್ತಿರ ದಾರಿಯ ಧೂಳಿನಲ್ಲಿ ಮುಂದಕ್ಕೆ ಸಾಗಿದ ಹೆಜ್ಜೆಗಳು ಕಂಡವು. ಮೂರು ಪಾದ ಚೆನ್ನಾಗಿ ಊರಿದ್ದವು. ನಾಲ್ಕನೆಯದು ಇರಬೇಕಾದ ಕಡೆ ಬೆರಳಿನಿಂದ ಗೀಚಿದಂಥ ಒಂದು ಗೆರೆಯಿತ್ತು. ಪಕ್ಕದಲ್ಲಿ ಎಲಚಿ ಬೀಜಗಳಿದ್ದ ಹಿಕ್ಕೆ, ಇನ್ನೂ ಹಸಿಯಾಗಿತ್ತು.

ದೂರದಲ್ಲಿ ಮಾತು ಕೇಳಿಸಿತು. ಎರ್ರಿಸ್ವಾಮಿಯೂ ನಾಲ್ಕೈದು ಹುಡುಗರೂ ತಲೆ ತಗ್ಗಿಸಿ ನೆಲ ನೋಡುತ್ತ ಬದುವಿನಗುಂಟ ಬರುತ್ತಿದ್ದರು.

ಕಾಟಮ್ಮ ಹೊರೆಯನ್ನು ನೆಲಕ್ಕೆ ಇಳಿಸಿದಳು. ಹಗ್ಗದ ತುದಿ ಕೈಗೆ ಸುತ್ತಿಕೊಂಡು ಎಳೆಯುತ್ತ ಅವರಿಗೆ ಎದುರಾಗಿ ನಡೆದಳು.

"ಯಾಕತ್ಗೆ, ಎಳ್ಕಂಡು ಬರ್ತಿದೀಯ? ಹೊರಿಸ್ಲಾ?" ಎಂದ ಎರ್ರಿಸ್ವಾಮಿ.

"ಬ್ಯಾಡಪ್ಪ. ಭಾರ ಐತೆ, ಹಿಂಗೇ ಹೋಗ್ತೀನಿ."

ಅವರು ದಾರಿ ಬಿಟ್ಟು ನಿಂತರು. ತೊಗರಿ ಕಡ್ಡಿಯ ಹೊರೆ ಅವಳ ಹಿಂದೆ ಬದುವಿನಗಲಕ್ಕೂ ಧೂಳು ಗುಡಿಸುತ್ತ ಊರಿನವರೆಗೆ ಬಂತು.