ಮಾವಿನಕೇರಿಯ ರಕ್ತ

ಅಕ್ಕಿ ಮುಗಿದಿತ್ತು. ಒಲೆಯ ಮೇಲೆ ಬರೀ ಕೆಸುವಿನ ಗೆಡ್ಡೆ ಬೇಯುತ್ತಿತ್ತು. ಹೊನ್ನ ಅವತ್ತೂ ಕೆಲಸ ಸಿಗದೆ ವಾಪಸು ಬಂದಿದ್ದ.

ಯಲ್ಲಾಪುರದ ನಾಟಾ ಡಿಪೋದಲ್ಲಿ ಲಾರಿಗೆ ದಿಮ್ಮಿ ಏರಿಸಿ ಏರಿಸಿ ಅವನ ಹೆಗಲು ಜಡ್ಡುಗಟ್ಟಿತ್ತು. ಜ್ವರ ಅಂತ ಒಂದು ದಿನವೂ ಮಲಗಿದವನಲ್ಲ. ಹೋದ ವರ್ಷ ಬೆಂಗಳೂರಿನಿಂದ ಬಂದ ಡಾಕ್ಟರುಗಳು ಅವನ ಊರಾದ ಮಾವಿನಕೇರಿಯ ಎಲ್ಲರ ರಕ್ತ ತೆಗೆದುಕೊಂಡು ಹೋಗಿದ್ದರು. ನಿಮ್ಮ ವಂಶದಲ್ಲಿ ಬರುವ ರಕ್ತದ ಕಾಯಿಲೆಗೆ ಮದ್ದು ಹುಡುಕುತ್ತೇವೆ ಅಂದಿದ್ದರು. ಮದ್ದು ಬರಲಿಲ್ಲ, ಪೇಪರಿನಲ್ಲಿ ಸುದ್ದಿ ಬಂತು. ಮಾವಿನಕೇರಿಯಲ್ಲಿ ಐವರಲ್ಲಿ ಒಬ್ಬರ ರಕ್ತದಲ್ಲಿ ಹುಟ್ಟಿನಿಂದಲೇ ದೋಷವಿದೆಯಂತೆ.

ಡಿಪೋದ ಗುತ್ತಿಗೆದಾರ ನಾಗಪತಿ ಅದನ್ನು ಓದಿದ. ಐವರಲ್ಲಿ ಒಬ್ಬನಿಗೆ ದೋಷ, ಐವರ ಕೆಲಸವೂ ಹೋಯಿತು; ಕೇರಿಯ ಯಾರನ್ನೂ ಅವನು ಕೆಲಸಕ್ಕೆ ಸೇರಿಸಲಿಲ್ಲ.

"ದಿಮ್ಮಿ ಎತ್ತುವಾಗ ಬಿದ್ದು ಸತ್ರೆ ನನ್ನ ತಲೆಗೆ ಬರ್ತದೆ. ನಿಂಗೆ ಅದು ಇಲ್ಲ ಅಂತ ಡಾಕ್ಟರ ಹತ್ರ ಬರೆಸ್ಕಂಡು ಬಾ," ಅಂದ ಹೊನ್ನನಿಗೆ.

ಹೊನ್ನ ತಾಲೂಕಾಸ್ಪತ್ರೆಗೆ ಹೋದ. ಆ ಪರೀಕ್ಷೆ ಇಲ್ಲಿಲ್ಲ, ಹುಬ್ಬಳ್ಳಿಗೆ ಹೋಗು ಅಂದರು. ಹುಬ್ಬಳ್ಳಿಯಲ್ಲಿ ಕೇಳಿದ ದುಡ್ಡು ಅವನ ಹತ್ತಿರ ಇರಲಿಲ್ಲ. ಅಷ್ಟರಲ್ಲಿ ಕೇರಿಯ ಒಬ್ಬ ಹುಡುಗಿಯ ನಿಶ್ಚಯವೂ ಮುರಿಯಿತು. ಗಂಡಿನ ಕಡೆಯವರಿಗೂ ಪೇಪರು ಸಿಕ್ಕಿತ್ತು.

ಆಗಲೇ ಡಾಕ್ಟರುಗಳು ಮತ್ತೆ ಬಂದರು. ಶಾಲೆಯ ಜಗಲಿಯಲ್ಲಿ ಮೇಜು ಹಾಕಿದರು. ಹಳೇ ರಕ್ತ ಸಾಲದು, ಇನ್ನೊಂದು ಸಲ ಬೇಕಂತೆ. ಹೊನ್ನ ಎಲ್ಲರಿಗಿಂತ ಮೊದಲು ಹೋಗಿ ತನ್ನ ರಕ್ತದಲ್ಲಿ ಏನಿದೆ ಹೇಳಿ ಅಂತ ಕೇಳಿದ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದಳು: ಸೀಸೆಗಳ ಮೇಲೆ ನಂಬರು ಮಾತ್ರ ಉಳಿದಿದೆ, ಯಾವುದು ಯಾರದು ಅಂತ ನಮಗೂ ಗೊತ್ತಿಲ್ಲ, ನಿಮ್ಮ ಗುಟ್ಟು ಕಾಯಲೆಂದೇ ಹೆಸರು ಅಳಿಸಿದ್ದೇವೆ.

"ನನ್ನ ಹೆಸ್ರು ಅಳಿಸಿದ್ರಿ. ಕೇರಿ ಹೆಸ್ರು ಯಾಕೆ ಬಿಟ್ರಿ ಅಮ್ಮಾ?"

ಅವಳು ಮೇಜಿನ ಮೇಲಿನ ಸೀಸೆಗಳನ್ನು ಸಾಲಾಗಿ ಜೋಡಿಸಿದಳು. ಆಮೇಲೆ, ದೋಷವಿದ್ದರೂ ಹೆಚ್ಚಿನವರು ಆರೋಗ್ಯವಾಗಿಯೇ ದುಡಿಯಬಹುದು ಅಂದಳು. ಅಷ್ಟನ್ನೇ ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು ಹೊನ್ನ ಕೈಮುಗಿದ. ಅದು ತಮ್ಮ ಕೆಲಸವಲ್ಲ, ತಾವು ಅಧ್ಯಯನಕ್ಕೆ ಮಾತ್ರ ಬಂದವರು ಅಂದಳು.

ಸಾಲಿನಲ್ಲಿದ್ದ ಹೊನ್ನನ ಹೆಂಡತಿ ವೆಂಕಮ್ಮ ಮಡಚಿದ್ದ ರವಿಕೆಯ ತೋಳು ಇಳಿಸಿದಳು. ಜಗಲಿ ಇಳಿದು ಮನೆಯ ದಾರಿ ಹಿಡಿದಳು. ಅವಳ ಹಿಂದಿದ್ದವರೂ ಒಬ್ಬೊಬ್ಬರಾಗಿ ಇಳಿದರು.

ಮರುದಿನ ಹೊನ್ನ ಡಿಪೋಕ್ಕೆ ಒಬ್ಬನೇ ಹೋಗಲಿಲ್ಲ. ಗಂಡಸರು, ಹೆಂಗಸರು, ಇಡೀ ಕೇರಿ ಹೋಯಿತು. ಬೇರೆ ಊರಿನ ಆಳುಗಳು ತುಂಬಿಸಿದ್ದ ಲಾರಿ ಹೊರಡಲು ನಿಂತಿತ್ತು. ಕೇರಿಯವರು ಅದರ ಮುಂದೆ ನೆಲದ ಮೇಲೆ ಕುಳಿತರು.

ನಿಮ್ಮಲ್ಲಿ ಆ ದೋಷ ಯಾರಿಗಿದೆ, ಮೊದಲು ಅದನ್ನು ಹೇಳಿ ಅಂದ ನಾಗಪತಿ.

"ಎಲ್ಲರಿಗೂ ಅದೆ ಅಂತ್ಲೇ ತಿಳ್ಕಳಿ ಒಡೆಯಾ," ಅಂದ ಹೊನ್ನ. "ಇದೇ ರಕ್ತದಲ್ಲೇ ಇಷ್ಟು ವರ್ಷ ನಿಮ್ಮ ಲಾರಿ ತುಂಬ್ಸಿದ್ದು."

ನಾಗಪತಿ ಡ್ರೈವರಿಗೆ ಕೈಸನ್ನೆ ಮಾಡಿದ. ಇಂಜಿನು ಶುರುವಾಯಿತು. ಯಾರೂ ಏಳಲಿಲ್ಲ.