ಕೆಂಪು ಚುಕ್ಕಿಯ ಚಿಟ್ಟೆ

ಹಿರೋಳ್ಳಿ ಹುಲ್ಲುಗಾವಲಿನ ಅಳಿವಿನಂಚಿನ ಚಿಟ್ಟೆಗಳನ್ನು ಎಣಿಸಲು ಬಂದ ಪಲ್ಲವಿ, ಹಿಡಿದವುಗಳ ರೆಕ್ಕೆಗೆ ಕೆಂಪು ಚುಕ್ಕಿಯಿಟ್ಟು ಬಿಟ್ಟಿದ್ದಳು. ಮೂರು ದಿನದ ಮೇಲೆ ಮತ್ತೆ ಹತ್ತು ಚಿಟ್ಟೆ ಹಿಡಿದು ತರುವ ಕೆಲಸ ಕೂಲಿಯ ಗಂಗುಬಾಯಿಯದು. ಕಳೆ ತೆಗೆದ ಸಾಲಿಗೇ ಮತ್ತೆ ಕೈಹಾಕುವವಳು ಮೈಗಳ್ಳಿ ಎಂದೇ ನಂಬಿದ ಹೆಂಗಸು ಆಕೆ. ಬಲೆಗೆ ಬಿದ್ದ ಚುಕ್ಕಿಯವನ್ನೆಲ್ಲ ಸದ್ದಿಲ್ಲದೆ ಹಾರಿಬಿಟ್ಟು, ಹೊಸ ಹತ್ತನ್ನಷ್ಟೇ ತಂದು ತೋರಿಸಿದಳು.

“ಒಂದಕ್ಕೂ ಚುಕ್ಕಿ ಇಲ್ಲಲ್ರಿ ಕಾಕಿ!” ಪಲ್ಲವಿ ಹಿಗ್ಗಿದಳು. “ಅವೇ ಮತ್ತ ಸಿಕ್ಕಿದ್ರ, ಉಳಿದಿದ್ದೇ ಅಷ್ಟು ಅಂತ ತಿಳೀಬೇಕಿತ್ತು. ಈಗ ಬೇಕಾದಷ್ಟು ಅದಾವ ಅಂತ ಬರೀತೇನಿ. ಈ ಹುಲ್ಲಿಗೆ ಇನ್ನ ಕಾವಲ ಬ್ಯಾಡ. ನಿಮ್ಮಷ್ಟು ಚೊಕ್ಕ ಕೆಲಸ ಯಾರೂ ಮಾಡಿಲ್ರಿ.”

ಗಂಗುಬಾಯಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಿಜ ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಚುಕ್ಕಿಯ ಚಿಟ್ಟೆಯೊಂದು ಹಾರಿಬಂದು ಆಕೆಯ ಸೆರಗಿನ ಮೇಲೆ ಕೂತಿತು. ಪಲ್ಲವಿ ನೋಡುವ ಮೊದಲೇ ಆಕೆ ಸೆರಗು ಕೊಡವಿದಳು.