ಸಾಲಿನಲ್ಲೊಂದು ಖಾಲಿ ಕ್ಯಾನು

ಆ ಬೆಳಿಗ್ಗೆ ಯಾರೂ ಕ್ಯಾನು ಕೆಳಗಿಡಲಿಲ್ಲ.

ಹಾಲಿನ ಡೈರಿಯ ಮುಂದೆ ಜನ ಸಾಲು ನಿಂತದ್ದೇ ಇಲ್ಲ, ನಿಲ್ಲುವುದು ಕ್ಯಾನುಗಳು. ಬಂದವರು ಬಂದ ಹಾಗೆ ತಮ್ಮ ಕ್ಯಾನನ್ನು ಮುಂದಿನದರ ಹಿಂದಿಟ್ಟು, ಪಕ್ಕದ ಕಟ್ಟೆಯ ಮೇಲೆ ಕೂತು, ಬೇಕಾದ್ದು ಬೇಡದ್ದು ಎಲ್ಲ ಊರ ಉಸಾಬರಿಯನ್ನೂ ಮೈಮೇಲೆ ಹಾಕಿಕೊಳ್ಳುತ್ತಾರೆ. ಸಾಲು ಮುಂದೆ ಹೋದಾಗ ಎದ್ದವರು ತಮ್ಮ ಕ್ಯಾನಿನ ಜೊತೆಗೆ ಹಿಂದಿನವರದನ್ನೂ ಮುಂದಕ್ಕೆ ಎಳೆಯುತ್ತಾರೆ. ಎಳೆಯದೆ ಬಿಟ್ಟರೋ, ಆ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ ಎಂದೇ ಲೆಕ್ಕ.

ಇವತ್ತು ನೋಡಿದರೆ ಎಲ್ಲರೂ ಕ್ಯಾನು ಕೈಯಲ್ಲೇ ಹಿಡಿದು ನಿಂತಿದ್ದಾರೆ. ಕಟ್ಟೆ ಬಿಕೋ ಎನ್ನುತ್ತಿದೆ. ಹಾಲು ಅಳೆಯುವ ಅಕ್ಕ, ಊರಿಗೆಲ್ಲ ಅಕ್ಕ, ತನಗಿಂತ ದೊಡ್ಡವರಿಗೂ ಅಕ್ಕ, ತಲೆಯೆತ್ತದೆ ಸೋಸುವ ಬಟ್ಟೆ ಹಿಂಡಿದಳು. ಏನಾಗಿದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚುನಾವಣೆಗೆ ನಿಂತ ಅವಳ ತಮ್ಮ ಪಟ್ಟಣದ ದೊಡ್ಡ ಹೋಟೆಲಿನ ಸಭೆಯೊಂದರಲ್ಲಿ, ಸೂಟುಬೂಟಿನವರ ಮುಂದೆ ಮೈಕು ಹಿಡಿದು ಹೇಳಿದ್ದ: "ಹಳ್ಳಿಯವರಿಗೆ ಓಟು ಅಂದ್ರೆ ಬಸ್ಸಿದ್ದ ಹಾಗೆ. ಮೊದಲು ಯಾವುದು ಬಂತೋ ಅದನ್ನ ಹತ್ತಿಬಿಡ್ತಾರೆ. ಎಲ್ಲಿಗೆ ಹೋಗತ್ತೆ ಅಂತ ಆಮೇಲೆ ಕೇಳ್ತಾರೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಟಿವಿಯವರು ಆ ನಗುವನ್ನೂ ಬಿಡದೆ ತೋರಿಸಿದ್ದೇ ತೋರಿಸಿದ್ದು. ಕೆಳಗೆ ಕೆಂಪು ಪಟ್ಟಿಯಲ್ಲಿ ಕೂಗಾಟ: ಹಳ್ಳಿಗರ ಮಾನ ಹರಾಜು!

ಆದರೆ ಆ ಮಾತು ತಮ್ಮನದಲ್ಲ. ಅಕ್ಕನದು. ಹಿಂದಿನ ಚುನಾವಣೆಯ ಮಾರನೆಯ ದಿನ ಇದೇ ಕಿಟಕಿಯಲ್ಲಿ ಹಾಲು ಅಳೆಯುತ್ತ ಅವಳೇ ಅಂದದ್ದು. ಕಟ್ಟೆಗೆ ಕಟ್ಟೆಯೇ ನಕ್ಕಿತ್ತು. ಬೊಚ್ಚಜ್ಜಿಯಂತೂ ಹಲ್ಲಿಲ್ಲದ ಬಾಯಿ ಅಗಲಿಸಿ, ಕಣ್ಣೊರೆಸಿಕೊಂಡು, "ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ" ಎಂದು ಬೈದು ಮತ್ತೆ ನಕ್ಕಿದ್ದಳು. ಕಟ್ಟೆಯ ತುದಿಯಲ್ಲಿ ಕೂತಿದ್ದ ತಮ್ಮನೂ ನಕ್ಕಿದ್ದ. ಈಗ ಜನಕ್ಕೆ ಅನುಮಾನ ಹುಟ್ಟಿತ್ತು: ಅಕ್ಕ ತಮ್ಮ ಇಬ್ಬರೂ ಸೇರಿ ನಮ್ಮ ಬೆನ್ನ ಹಿಂದೆ ಹೀಗೇ ನಗ್ತಿದ್ರೇನೋ?

ಫೋನು ಬಂತು. ತಮ್ಮ.

"ಅಕ್ಕ, ಟಿವಿಯವರು ಅಲ್ಲಿಗೇ ಬರ್ತಿದ್ದಾರೆ. ಆ ಮಾತು ಮೊದಲು ಆಡಿದ್ದು ನೀನೇ, ನಾವೇ ತಮಾಷೆಗೆ ಆಡ್ಕೊಂಡಿದ್ದು ಅಂತ ಒಂದು ಮಾತು ಹೇಳಿಬಿಡು. ಇಲ್ಲಾಂದ್ರೆ ಪಕ್ಷದವರು ನನ್ನ ಕೈ ಬಿಡ್ತಾರೆ. ಸುಳ್ಳೇನೂ ಅಲ್ವಲ್ಲ?"

"ಸುಳ್ಳಲ್ಲ. ಅಲ್ಲಿ ನಗ್ತಿದ್ದವರು ಯಾರೋ?"

"ಯಾರೋ ದೊಡ್ಡ ಮನುಷ್ಯರು. ಅದ್ಯಾಕೆ ಈಗ?"

"ಅವರೂ ನಮ್ಮ ಕಟ್ಟೆ ಮೇಲೆ ಕೂತಿದ್ರಾ ಗುಂಡ?"

ಗುಂಡ ಅವನ ಎಳವೆಯ ಹೆಸರು. ತಾಯಿ ತೀರಿಹೋದ ಮೇಲೆ ಕ್ಯಾನಿನ ಹಿಡಿ ಹಿಡಿದುಕೊಂಡು ಅಕ್ಕನ ಹಿಂದೆಯೇ ಇಲ್ಲಿಗೆ ನಡೆದು ಬರುತ್ತಿದ್ದ ಹುಡುಗ. ಅವನು ಗೆಲ್ಲಬೇಕೆಂಬ ಆಸೆ ಅವನಿಗಿಂತ ಅವಳಿಗೇ ಒಂದು ಕೈ ಹೆಚ್ಚು. ಗೆದ್ದ ದಿನ ಹಾಕಿಕೊಳ್ಳಲೆಂದು ಹೊಸ ಚಪ್ಪಲಿ ತಂದು ಮಂಚದ ಕೆಳಗೆ ಇಟ್ಟಿದ್ದಳು.

ವ್ಯಾನು ಬಂತು. ಮೈಕಿನ ಹುಡುಗಿ ಸಾಲನ್ನು ಸೀಳಿಕೊಂಡು ಕಿಟಕಿಗೆ ಬಂದಳು. "ಮೇಡಂ, ನಿಮ್ಮ ತಮ್ಮ ಹಳ್ಳಿಯವರನ್ನ ಅವಮಾನ ಮಾಡಿದ್ದಾರೆ. ಏನಂತೀರಾ?"

ಅಕ್ಕ ಸಾಲಿನ ಕಡೆ ನೋಡಿದಳು. ಬೊಚ್ಚಜ್ಜಿ ಮುಖ ತಿರುಗಿಸಿಕೊಂಡಳು.

"ಆ ಮಾತು ಆಡಿದ್ದು ನಾನು," ಎಂದಳು ಅಕ್ಕ. "ಇಲ್ಲೇ, ಇವರ ಮುಂದೆ. ಹಾಗೆ ಬಸ್ಸು ಹತ್ತಿದವರಲ್ಲಿ ನಾನೇ ಮೊದಲನೆಯವಳು."

ಹುಡುಗಿಯ ಕಣ್ಣು ಅರಳಿತು. "ಅಂದ್ರೆ ನಿಮ್ಮ ತಮ್ಮಂದು ತಪ್ಪಿಲ್ಲ?"

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ತಮ್ಮ ಉಳಿದುಕೊಳ್ಳುತ್ತಿದ್ದ.

"ಇದೆ. ನಮ್ಮನ್ನ ನಾವು ಆಡ್ಕೊಂಡು ನಕ್ಕಿದ್ದನ್ನ ತಗೊಂಡು ಹೋಗಿ, ಕಂಡವರ ಮುಂದೆ ನಮ್ಮನ್ನ ನಗೆಪಾಟಲು ಮಾಡಿದಾನೆ. ಬಂದು ಇವರ ಮುಂದೆ ತಪ್ಪಾಯ್ತು ಅನ್ಲಿ. ನಿಮ್ಮ ಮುಂದೆ ಬೇಡ. ಈಗ ಸ್ವಲ್ಪ ಆ ಕಡೆ ಸರಿಯಮ್ಮ, ಹಾಲು ಕೆಡತ್ತೆ."

ಮಧ್ಯಾಹ್ನ ಒಂದು ಚಾನೆಲ್ಲಿನಲ್ಲಿ 'ಅಕ್ಕನದೇ ಮಾತು!', ಇನ್ನೊಂದರಲ್ಲಿ 'ತಮ್ಮನ ವಿರುದ್ಧ ಅಕ್ಕ!'. ಇಡೀ ಮಾತನ್ನು ಯಾರೂ ತೋರಿಸಲಿಲ್ಲ. ಸಂಜೆಯ ಹೊತ್ತಿಗೆ ಪಕ್ಷದವರು ಅವನ ಬ್ಯಾನರುಗಳನ್ನು ಬಿಚ್ಚಿಸಿದರಂತೆ. ಅಕ್ಕ ಟಿವಿ ಆರಿಸಿ, ಅಡುಗೆಮನೆಯ ಮೂಲೆಯಲ್ಲಿ ಕೂತು ಮನಸಾರೆ ಅತ್ತಳು. ನನ್ನ ಕೈಯಾರೆ ಮುಳುಗಿಸಿದೆನಲ್ಲ ಎಂದು ಅತ್ತಳು.

ಮರುದಿನ ಬೆಳಿಗ್ಗೆ ಕ್ಯಾನುಗಳು ಮತ್ತೆ ನೆಲಕ್ಕಿಳಿದಿದ್ದವು. ಕಟ್ಟೆಯ ಮೇಲೆ ಜನ ಕೂತಿದ್ದರು, ಮಾತು ಮಾತ್ರ ಇನ್ನೂ ಬಿಗಿಯಾಗಿತ್ತು. ಅಷ್ಟರಲ್ಲಿ ತಮ್ಮ ಬಂದ. ಕಾರಿಲ್ಲ, ಹಿಂಬಾಲಕರಿಲ್ಲ, ಮುಖ ಬಾಡಿಹೋಗಿತ್ತು. ಯಾರ ಕಡೆಯೂ ನೋಡದೆ, ಮನೆಯವರು ಬರುವ ಪಕ್ಕದ ಬಾಗಿಲಿಗೆ ಬಂದು ನಿಂತ.

"ಅಕ್ಕ, ಒಳಗೆ ಬರ್ಲಾ?"

ಅವಳಿಗೆ ಅವನನ್ನು ಬಾಚಿ ತಬ್ಬಿಕೊಳ್ಳಬೇಕೆನಿಸಿತು. ಗೂಟದ ಮೇಲಿದ್ದ ಖಾಲಿ ಕ್ಯಾನೊಂದನ್ನು ತೆಗೆದು ಅವನ ಕೈಗಿಟ್ಟಳು. "ಸಾಲಲ್ಲಿ ಇಡು ಹೋಗು."

ಅವನು ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಎಲ್ಲಕ್ಕಿಂತ ಕೊನೆಗೆ, ಬೊಚ್ಚಜ್ಜಿಯ ಕ್ಯಾನಿನ ಹಿಂದೆ ಇಟ್ಟ. ಕಟ್ಟೆಯ ಮೇಲೆ ಜಾಗವಿದ್ದರೂ ಕೂರಲಿಲ್ಲ. ಯಾರೂ ಕೂರು ಎನ್ನಲಿಲ್ಲ.

ಸಾಲು ಮುಂದೆ ಹೋಯಿತು. ಬೊಚ್ಚಜ್ಜಿ ಮಂಡಿ ಹಿಡಿದುಕೊಂಡು ಎದ್ದು ತನ್ನ ಕ್ಯಾನನ್ನು ಎಳೆದಳು. ಹಿಂದಿನದನ್ನು ಮುಟ್ಟಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನೋ ಗುಂಡ, ಬಸ್ಸಲ್ಲಿ ಬಂದ್ಯಾ?"

"ಹೂಂ ಅಜ್ಜಿ."

"ಯಾವ ಬಸ್ಸು?"

ಅವನು ಉಗುಳು ನುಂಗಿದ. "ಮೊದಲು ಬಂದಿದ್ದು."

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು.

"ಅಜ್ಜಿ, ನಂದು ತಪ್ಪಾಯ್..." ಎಂದು ಅವನು ಶುರು ಮಾಡಿದ.

"ಇರು, ಅವಸರ ಬೇಡ. ನಿನ್ನ ಸರದಿ ಬಂದಾಗ ಎಲ್ಲರಿಗೂ ಕೇಳೋ ಹಾಗೆ ಹೇಳು," ಎಂದಳು ಅಜ್ಜಿ.

ಒಳಗೆ ಅಕ್ಕ ತಲೆ ಬಗ್ಗಿಸಿ ಹಾಲು ಸೋಸುತ್ತಿದ್ದಳು. ಖಾಲಿ ಕ್ಯಾನೊಂದು ಸಿಮೆಂಟಿನ ಮೇಲೆ ಕರಕರ ಎನ್ನುತ್ತ ಮುಂದಕ್ಕೆ ಸರಿದ ಸದ್ದು ಅವಳಿಗೆ ಕೇಳಿಸಿತು.